ಬಣ್ಣ ಓಡುವುದಿಲ್ಲ, ಬಿಡುತ್ತದೆ

ಅನುವಾದದ ಕೆಲಸಕ್ಕೆ ಬಂದ ಹೊಸತರಲ್ಲಿ ನನಗೊಂದು ವಾಷಿಂಗ್ ಮಷೀನಿನ ಕೈಪಿಡಿ ಸಿಕ್ಕಿತು. ಮೋಟರು, ಡ್ರಮ್ಮು, ಫಿಲ್ಟರು ಎಲ್ಲ ಸಲೀಸಾಗಿ ದಾಟಿದೆ. ಸಿಕ್ಕಿಕೊಂಡಿದ್ದು ಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿತ ಪದಗಳಲ್ಲೊಂದಾದ 'ರನ್' ಹತ್ತಿರ.

ರನ್ ಅಂದರೆ ಓಡು ಎಂದು ಬಾಯಿಪಾಠ ಮಾಡಿದವಳು ನಾನು. ಕೈಪಿಡಿಯಲ್ಲಿ ಅದು ಐದು ಕಡೆ ಬಂತು. ಮೊದಲ ಸಲ ಮಷೀನನ್ನು ಬಟ್ಟೆ ಇಲ್ಲದೆ ರನ್ ಮಾಡಬೇಕು. ನಲ್ಲಿಯನ್ನು ಎರಡು ನಿಮಿಷ ರನ್ ಮಾಡಬೇಕು. ಪೈಪು ಗೋಡೆಯ ಪಕ್ಕ ರನ್ ಆಗಬೇಕು. ಸೋಪಿನ ಪುಡಿ ರನ್ ಔಟ್ ಆದರೆ ಹೀಗೆ ಮಾಡಿ. ಗಾಢ ಬಣ್ಣಗಳು ರನ್ ಆಗಬಹುದು, ಎಚ್ಚರ. ನಾನು ಡಿಕ್ಷನರಿಯ ಮೊದಲೆರಡು ಅರ್ಥಗಳನ್ನೇ ತುಂಬಿ ಕಳಿಸಿದೆ. 'ನಲ್ಲಿಯನ್ನು ಚಲಾಯಿಸಿ', 'ಬಣ್ಣಗಳು ಓಡಬಹುದು.' ಪರಿಶೀಲಿಸಿದವರು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಬೇಜಾರಾಯಿತು. ನನ್ನ ಸಾಲು ಅರ್ಥವಾಗದೆ ಯಾರದೋ ಒಳ್ಳೆಯ ಸೀರೆ ಹಾಳಾಗುತ್ತಿತ್ತಲ್ಲ ಅನ್ನುವುದು ಅದಕ್ಕಿಂತ ಜಾಸ್ತಿ ಕಾಡಿತು.

ಆ ಸಂಜೆ ಅಮ್ಮನ ಹತ್ತಿರ ಕೂತೆ. ರನ್ ಅನ್ನುವ ಪದವನ್ನು ಎತ್ತಲೇ ಇಲ್ಲ.

"ಅಮ್ಮಾ, ಹೊಸ ಕೆಂಪು ಸೀರೆ ಜೊತೆ ಅಪ್ಪನ ಬಿಳಿ ಪಂಚೆ ನೆನೆಸಿದ್ರೆ ಏನಾಗುತ್ತೆ?"

"ಬಣ್ಣ ಬಿಡುತ್ತೆ ಕಣೆ. ಪಂಚೆಗೆಲ್ಲ ಹತ್ಕೊಳ್ಳುತ್ತೆ."

"ನಲ್ಲೀಲಿ ಕೊಳೆ ನೀರು ಬಂದ್ರೆ?"

"ಸ್ವಲ್ಪ ಹೊತ್ತು ನೀರು ಬಿಡು, ಸರಿಹೋಗುತ್ತೆ."

ಪೈಪನ್ನು ಗೋಡೆ ಪಕ್ಕ ಎಳೀಬೇಕು ಅಂದರು. ಸೋಪಿನ ಪುಡಿ ಮುಗಿದುಹೋಗುತ್ತದೆ. ಖಾಲಿ ಮಷೀನನ್ನು ಸುಮ್ನೆ ಒಂದು ಸಲ ಓಡಿಸಬೇಕು. ಐದು ರನ್‌ಗಳಲ್ಲಿ ಓಟ ಉಳಿದದ್ದು ಒಂದೇ ಕಡೆ.

ಅವತ್ತಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಕ್ರಿಯಾಪದದ ಮೇಲೆ ಬೆರಳಿಟ್ಟು ಮುಚ್ಚುತ್ತೇನೆ. ಪಕ್ಕದಲ್ಲಿ ಏನಿದೆ ನೋಡುತ್ತೇನೆ. ಮೂಗೋ, ಅಂಗಡಿಯೋ, ಜ್ವರವೋ? ಮೂಗಾದರೆ ಸೋರುತ್ತದೆ, ಅಂಗಡಿಯನ್ನು ನಡೆಸುತ್ತಾರೆ, ಜ್ವರ ಬರುತ್ತದೆ. ನೋಟ್‌ಬುಕ್ಕಿನಲ್ಲೂ ರನ್ ಕೆಳಗೆ ಅರ್ಥ ಬರೆಯುವುದನ್ನು ಬಿಟ್ಟೆ. 'ಮೂಗು ಸೋರು', 'ಬಣ್ಣ ಬಿಡು' ಎಂದು ಜೋಡಿಯಾಗಿಯೇ ಬರೆದುಕೊಳ್ಳುತ್ತೇನೆ. ಒಂಟಿ ಪದ ನೆನಪಲ್ಲಿ ನಿಲ್ಲುವುದಿಲ್ಲ, ಜೋಡಿ ನಿಲ್ಲುತ್ತದೆ. ಇದು ನನಗೆ ಖಾತ್ರಿ.

ಅರ್ಥಗಳ ಪಟ್ಟಿ ಹಿಡಿದು ಹೋದರೆ ಮುಗಿಯುವುದೂ ಇಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್' ಪದಕ್ಕೆ. ಆಮೇಲಿನ ಪರಿಷ್ಕರಣೆಯಲ್ಲಿ ರನ್ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ! ಸಂಪಾದಕ ಪೀಟರ್ ಗಿಲಿವರ್ ಆ ಒಂದು ಪದಕ್ಕೇ 9 ತಿಂಗಳು ಕೊಟ್ಟರು. ರೈಲು, ಕಾರ್ಖಾನೆ, ಕಂಪ್ಯೂಟರ್ ಬಂದಂತೆಲ್ಲ ರನ್ ಕೂಡ ಹಿಗ್ಗುತ್ತಾ ಬಂತು. ನನ್ನ ಕೈಪಿಡಿಯಲ್ಲಿ ಅದು ಅಷ್ಟು ಸಲ ಬಂದದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಹಾಗಂತ 'ಓಡು' ಕಂಡರೆ ಹೆದರಬೇಕಾಗಿಲ್ಲ. ನಮ್ಮಲ್ಲೂ ಸಿನಿಮಾ ನೂರು ದಿನ ಓಡುತ್ತದೆ, ಗಡಿಯಾರ ಓಡುತ್ತದೆ. ತಲೆ ಓಡುವುದು ಮಾತ್ರ ಕನ್ನಡದಲ್ಲೇ, ಅಲ್ಲಿ ರನ್ ಹೊಂದುವುದಿಲ್ಲ. ಚುನಾವಣೆಯ ವಿಷಯ ಇನ್ನೂ ಚೆಂದ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ಬ್ರಿಟನ್ನಿನವರು ನಿಲ್ಲುತ್ತಾರೆ. ನಾವೂ ನಿಲ್ಲುವವರೇ.

ಈಚೆಗೆ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಕರಪತ್ರ ಬಂತು. ಈ ಕಾಯಿಲೆ ಕುಟುಂಬಗಳಲ್ಲಿ ರನ್ ಆಗುತ್ತದೆ ಎಂದಿತ್ತು. 'ವಂಶಪಾರಂಪರ್ಯ' ಎಂದು ಬರೆದು, ಅಳಿಸಿದೆ. ಬೆರಳಿಟ್ಟು ಪದ ಮುಚ್ಚಿ ಅಮ್ಮನಿಗೆ ಫೋನ್ ಮಾಡಿದೆ. ಕೊನೆಗೆ ಅಚ್ಚಾದದ್ದು ಹೀಗೆ: 'ನಿಮ್ಮ ಅಪ್ಪನಿಗೋ ಅಮ್ಮನಿಗೋ ಶುಗರ್ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ.'