ಕಾಲರಾ ವಿಷ ಮತ್ತು ನಾನು ಬೆಳೆಸಿದ ಕರುಳು

ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಕೋಶಗಳನ್ನು ಬೆಳೆಸಲು ಬಳಸುವ ಮ್ಯಾಟ್ರಿಜೆಲ್ ಎಂಬ ಜೆಲ್ ಕೈಕೊಡುತ್ತದೆ. 4 ಡಿಗ್ರಿಯಲ್ಲಿ ಪಾಕದಂತೆ ಹರಿಯುವ ಈ ದ್ರವ ಸ್ವಲ್ಪ ಬೆಚ್ಚಗಾದರೆ ಸಾಕು, ಪಿಪೆಟ್ಟಿನ ತುದಿಯಲ್ಲೇ ಹೆಪ್ಪುಗಟ್ಟುತ್ತದೆ. ಮೊದಲ ಬಾರಿ ನನಗೆ ಹಾಗೆಯೇ ಆಗಿ, ರೋಗಿಯೊಬ್ಬರು ಒಪ್ಪಿ ಕೊಟ್ಟಿದ್ದ ಕರುಳಿನ ಚೂರು ವ್ಯರ್ಥವಾಯಿತು. ಆ ಸಂಕಟ ಇನ್ನೂ ಹೋಗಿಲ್ಲ. ಅಂದಿನಿಂದ ಟಿಪ್‌ಗಳ ಡಬ್ಬಿಯನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಡುತ್ತೇನೆ.

ಬಯಾಪ್ಸಿಯ ಆ ಪುಟ್ಟ ಚೂರಿನಿಂದ ಕಾಂಡಕೋಶಗಳಿರುವ ಕುಳಿಗಳನ್ನು ಬಿಡಿಸಿ, ತೊಗರಿಬೇಳೆಯಷ್ಟು ಜೆಲ್ ಹನಿಗಳಲ್ಲಿ ಕೂರಿಸಿದರೆ, ವಾರದ ಹೊತ್ತಿಗೆ ಒಳಗೆ ಟೊಳ್ಳಾದ ಗುಳ್ಳೆಗಳು ಬೆಳೆಯುತ್ತವೆ. ಆರ್ಗನಾಯ್ಡ್ ಎನ್ನುವುದು ಇದಕ್ಕೇ. ಕಾಲರಾ ವಿಷ ಹಾಕಿದಾಗ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರುತ್ತದೆ, ಸಿಎಫ್‌ಟಿಆರ್ ಎಂಬ ಬಾಗಿಲು ತೆರೆಯುತ್ತದೆ, ಕ್ಲೋರೈಡ್ ಟೊಳ್ಳಿನೊಳಗೆ ಸುರಿಯುತ್ತದೆ, ನೀರು ಅದರ ಬೆನ್ನು ಹತ್ತುತ್ತದೆ. ಗುಳ್ಳೆ ಉಬ್ಬುತ್ತದೆ. ಕಾಲರಾ ರೋಗಿಯ ದೇಹದಿಂದ ಲೀಟರುಗಟ್ಟಲೆ ನೀರು ಹರಿದುಹೋಗುವುದು ಹೀಗೆಯೇ. 1959ರಲ್ಲಿ ಕೋಲ್ಕತ್ತದ ಶಂಭುನಾಥ ಡೇ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟ ವಿಷದ ಕೆಲಸವನ್ನು ಮನುಷ್ಯನದೇ ಅಂಗಾಂಶದಲ್ಲಿ ಕಂಡ ದಿನ ಸೂಕ್ಷ್ಮದರ್ಶಕ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಔಷಧ ಪರೀಕ್ಷೆಯಲ್ಲಿ ನಾನು ಅಳೆಯುವುದು ಈ ಉಬ್ಬನ್ನೇ. ಒಮ್ಮೆ ಒಂದು ಸಂಯುಕ್ತ ಹಾಕಿದ ಪ್ಲೇಟಿನ ಗುಳಿಗಳಲ್ಲಿ ಗುಳ್ಳೆ ಕದಲಲೇ ಇಲ್ಲ. ಎರಡು ದಿನ ಹಿಗ್ಗಿದೆ. ಆಮೇಲೆ ಅದೇ ಪ್ರಯೋಗವನ್ನು ಮತ್ತೆ ಮಾಡಿ ಕ್ಯಾಲ್ಸೀನ್ ಎಂಬ ಬಣ್ಣ ಹಾಕಿದೆ. ಬದುಕಿರುವ ಕೋಶ ಹಸಿರಾಗಿ ಹೊಳೆಯಬೇಕು, ಪರದೆಯೆಲ್ಲ ಕತ್ತಲು. ಗುಳ್ಳೆ ಉಬ್ಬದಿದ್ದದ್ದು ಅದು ಸತ್ತಿದ್ದರಿಂದ.

ಈಗ ಪ್ರತಿ ಪ್ಲೇಟಿನಲ್ಲೂ ಹೆಚ್ಚಿನ ಸಾಲುಗಳಿರುತ್ತವೆ. ಒಂದಕ್ಕೆ ಔಷಧ ಮಾತ್ರ. ಇನ್ನೊಂದಕ್ಕೆ ಔಷಧದ ಜೊತೆ ಫಾರ್ಸ್ಕೋಲಿನ್. ಅದು ವಿಷದ ಹಂಗಿಲ್ಲದೆಯೇ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ. ಫಾರ್ಸ್ಕೋಲಿನ್‌ಗೆ ಉಬ್ಬಿದ ಗುಳ್ಳೆ ವಿಷಕ್ಕೆ ಮಾತ್ರ ಉಬ್ಬದಿದ್ದರೆ, ಔಷಧ ವಿಷದ ದಾರಿಯಲ್ಲೇ ಎಲ್ಲೋ ಅಡ್ಡ ನಿಂತಿದೆ. ಎರಡಕ್ಕೂ ಉಬ್ಬದೆ, ಹಸಿರು ಮಾತ್ರ ಉಳಿದಿದ್ದರೆ ಬಾಗಿಲೇ ಮುಚ್ಚಿರಬಹುದು. ಅದನ್ನೂ ನಾನು ಬಿಟ್ಟುಬಿಡುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲು. ಅಲ್ಲಿ ವಿಷ ಹಾಕಿ ಎರಡು ಗಂಟೆ ಕಳೆದ ಮೇಲೆ ಔಷಧ ಕೊಡುತ್ತೇನೆ. ಸಿರುಗುಪ್ಪದ ಕಡೆಯ ಹಳ್ಳಿಯಿಂದ ರೋಗಿಯನ್ನು ಆಸ್ಪತ್ರೆಗೆ ಕರೆತರುವ ಹೊತ್ತಿಗೆ ವಿಷ ಆಗಲೇ ಕೋಶದೊಳಗೆ ಸೇರಿರುತ್ತದೆ. ಇಂದಿಗೂ ಅವರ ಜೀವ ಉಳಿಸುವುದು ಓಆರ್‌ಎಸ್ ಮತ್ತು ಸಲೈನ್. ಮೊದಲೇ ಕೊಟ್ಟರೆ ಮಾತ್ರ ಫಲಿಸುವ ಔಷಧ ಅವರಿಗೆ ಯಾವ ಪ್ರಯೋಜನಕ್ಕೆ? ಆ ಸಾಲಿನಲ್ಲಿ ಗೆದ್ದ ಸಂಯುಕ್ತ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.