ಕನ್ನಡದ ಚೀಟಿಯಿಂದಲೇ ದಕ್ಕಿದ ಇಂಗ್ಲಿಷ್ ಪದಗಳು

‘ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಬೇಕು, ಪಕ್ಕದಲ್ಲಿ ಕನ್ನಡ ಬರೆದುಕೊಂಡರೆ ಅಲ್ಲೇ ನಿಂತುಬಿಡುತ್ತೀಯ’ ಎಂದು ನನಗೆ ಹೇಳದವರಿಲ್ಲ. ಆದರೆ ಕನ್ನಡ ಬರೆದುಕೊಂಡೇ ಹದಿನಾಲ್ಕು ತಿಂಗಳಲ್ಲಿ ಸುಮಾರು 1,800 ಕಷ್ಟದ ಇಂಗ್ಲಿಷ್ ಪದಗಳು ಕೈವಶವಾಗಿವೆ. ಓದುವಾಗಷ್ಟೇ ಅಲ್ಲ, ಬರೆಯುವಾಗಲೂ ತಾವಾಗಿಯೇ ಬರುತ್ತವೆ.

ಅದಕ್ಕೂ ಮುಂಚಿನ ಒಂದು ವರ್ಷ ಪೂರ್ತಿ ದಂಡ. ಪದಪಟ್ಟಿಯ ದಪ್ಪ ಪುಸ್ತಕ ಮೂರು, ಆನ್‌ಲೈನ್ ಕೋರ್ಸ್ ಒಂದು, ವರ್ಷದ ಚಂದಾ ಕಟ್ಟಿದ ಆ್ಯಪ್ ಒಂದು. ಆ ದುಡ್ಡಿಗೆ ಒಳ್ಳೆಯ ಫೋನೇ ಬರುತ್ತಿತ್ತು. ದಿನಕ್ಕೆ 50 ಪದ ಉರು ಹೊಡೆದೆ. ವಾರ ಬಿಟ್ಟು ನೋಡಿದರೆ ಏಳೋ ಎಂಟೋ ಉಳಿದಿರುತ್ತಿದ್ದವು. ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಕಟ್ಟು ಬಿಳಿ ಕಾರ್ಡು, ಐದು ಖಾನೆಯ ರಟ್ಟಿನ ಪೆಟ್ಟಿಗೆ. ಇದಕ್ಕೆ ಲೈಟ್ನರ್ ಪೆಟ್ಟಿಗೆ ಎನ್ನುತ್ತಾರೆ: ಕಾರ್ಡಿನ ಮುಂಬದಿ ಪದ, ಹಿಂಬದಿ ಅರ್ಥ; ಸರಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ; ಖಾನೆ ಮುಂದೆ ಹೋದಷ್ಟೂ ನೋಡುವುದು ಅಪರೂಪ. ಆಂಕಿ ಎಂಬ ಕಾರ್ಡುಗಳ ಆ್ಯಪಿನಲ್ಲೂ ಆಗುತ್ತದೆ, ನನಗೆ ಕೈಬರಹವೇ ಹಿಡಿಸಿತು.

ನಾನು ಬದಲಿಸಿದ್ದು ಕಾರ್ಡಿನ ಹಿಂಬದಿ. ಗ್ಯಾರುಲಸ್, ಲೊಕ್ವೇಷಸ್ ಎರಡಕ್ಕೂ ‘ವಾಚಾಳಿ’ ಎಂದು ಬರೆದರೆ ಎರಡೂ ಕಲಸಿಹೋಗುತ್ತವೆ. ಅದಕ್ಕೇ ಗ್ಯಾರುಲಸ್ ಹಿಂದೆ ‘ಕೆಲಸಕ್ಕೆ ಬಾರದ ವಟವಟ, ಕೇಳುವವರಿಗೆ ತಲೆಚಿಟ್ಟು’ ಎಂದೂ, ಲೊಕ್ವೇಷಸ್ ಹಿಂದೆ ‘ಮಾತಿನಮಲ್ಲ, ಬೈಗುಳವೇನಲ್ಲ’ ಎಂದೂ ಬರೆದೆ. ಲಕಾನಿಕ್‌ಗೆ ‘ಎರಡೇ ಮಾತು, ತೂಕದ ಮಾತು’. ಟ್ಯಾಸಿಟರ್ನ್‌ಗೆ ‘ಬಾಯಿ ಬಿಡಿಸುವುದೇ ಕಷ್ಟ’. ಲ್ಯಾಟಿನ್ನಿನ ‘ಲೊಕ್ವಿ’ ಅಂದರೆ ಮಾತಾಡುವುದು ಎಂದು ತಿಳಿದ ದಿನ ಎಲೊಕ್ವೆಂಟ್ (ಸೊಗಸಾಗಿ ಮಾತಾಡುವ), ಕಲೋಕ್ವಿಯಲ್ (ಆಡುಮಾತಿನ), ಸಲಿಲಕ್ವಿ (ಸ್ವಗತ) ಒಟ್ಟಿಗೇ ಬಂದು ಕೂತವು.

ಊಹೆ ಮಾಡುವ ಚಟಕ್ಕೆ ಪೆಟ್ಟೂ ಬಿತ್ತು. ಎನರ್ವೇಟ್ ಎಂದರೆ ಹುರುಪು ತುಂಬುವುದು ಎಂದುಕೊಂಡು ಒಂದು ಅರ್ಜಿಯಲ್ಲಿ ಬರೆದು ಕಳಿಸಿಬಿಟ್ಟೆ. ಅದರ ಅರ್ಥ ಕಸುವು ಹೀರುವುದು. ನಾಯ್ಸಮ್‌ಗೂ ಸದ್ದಿಗೂ ಸಂಬಂಧವೇ ಇಲ್ಲ, ಅದು ಗಬ್ಬುನಾತ. ಇಂಥ ಮೋಸದ ಪದಗಳಿಗೆಲ್ಲ ಕೆಂಪು ಅಂಚು ಬಳಿದಿದ್ದೇನೆ. ಈಗ ನಲವತ್ತರ ಆಸುಪಾಸು ಕಾರ್ಡುಗಳಿವೆ, ಅವನ್ನು ಐದನೇ ಖಾನೆ ದಾಟಿದರೂ ಹೊರಗೆ ಬಿಡುವುದಿಲ್ಲ.

ನಡುವೆ ಪದ, ಅರ್ಥಗಳನ್ನು ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ, ವಾಕಿಂಗ್ ಹೊತ್ತಿನಲ್ಲಿ ಕೇಳಿ ನೋಡಿದೆ. ಮಗ್ಗಿಯ ಹಾಗೆ ಇಡೀ ಸಾಲು ಬಾಯಿಗೆ ಬಂತು, ನಡುವಿನಿಂದ ಒಂದನ್ನು ಕೇಳಿದರೆ ಬರಲಿಲ್ಲ. ಮೂರು ವಾರಕ್ಕೆ ಬಿಟ್ಟೆ. ಉಚ್ಚಾರಣೆ ಮಾತ್ರ ಸುಧಾರಿಸಿತು.

ಹೊಸದು ದಿನಕ್ಕೆ ಐದೇ. ಮೂರು ಸಲ ತಪ್ಪಿದ ಕಾರ್ಡನ್ನು ಹರಿದು ಹಾಕಿ, ಹೊಸ ವಾಕ್ಯ ಕಟ್ಟಿ ಮತ್ತೆ ಬರೆಯುತ್ತೇನೆ. ಯಾವ ಐದನ್ನು ಒಂದೇ ದಿನಕ್ಕೆ ಜೋಡಿಸುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದನ್ನು ಇನ್ನೊಂದು ಆರು ತಿಂಗಳು ಪರೀಕ್ಷಿಸಬೇಕಿದೆ.