ಹಳೆ ಆಪರೇಷನ್ ಜಾಗದಲ್ಲಿ ನೀರುಗುಳ್ಳೆಯೇ? ಪತ್ತೆ ಮಾಡುವುದು ಹೀಗೆ

ಸ್ತನ ಕ್ಯಾನ್ಸರಿಗೆ ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ವರ್ಷಗಳಾಗಿರುತ್ತವೆ. ಒಂದು ದಿನ ಕಂಕುಳ ಹತ್ತಿರ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮಲೆನಾಡಿನ ಮನೆಗಳಲ್ಲಿ ಮೊದಲು ಬರುವ ಮಾತು 'ಸರ್ಪಸುತ್ತು'. ಇಲ್ಲವೇ ನರುಳ್ಳೆ ಅಂತ ಸುಣ್ಣ ಹಚ್ಚುತ್ತಾರೆ. ಎರಡೂ ಅಲ್ಲದಿರಬಹುದು.

ಚರ್ಮದಡಿ ರಕ್ತನಾಳದ ಜೊತೆ ದುಗ್ಧರಸದ, ಅಂದರೆ ಲಿಂಫ್‌ನ ನಾಳಗಳೂ ಇವೆ. ಲಿಂಫ್ ಗ್ರಂಥಿ ತೆಗೆದಾಗ, ರೇಡಿಯೇಷನ್‌ನಿಂದ ಒಳಗೆ ಗಟ್ಟಿಯಾದಾಗ, ಆನೆಕಾಲು ರೋಗ ಅಥವಾ ಟಿಬಿ ಬಂದಾಗ ರಸದ ದಾರಿ ಕಟ್ಟುತ್ತದೆ. ಆಗ ಮೇಲ್ಪದರದ ನಾಳಗಳು ಉಬ್ಬಿ ಗುಳ್ಳೆಯಾಗಿ ಕಾಣುತ್ತವೆ. ಡಾಕ್ಟರುಗಳು ಇದನ್ನು ಲಿಂಫಾಂಜಿಯೆಕ್ಟೇಸಿಯಾ ಎನ್ನುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್ ಚಿಕಿತ್ಸೆ ಆದವರಿಗೆ ಗುಪ್ತಾಂಗದಲ್ಲೇ ಏಳಬಹುದು. ನಾಚಿಕೆಗೆ ಎಷ್ಟೋ ಹೆಂಗಸರು ಬಾಯಿ ಬಿಡುವುದೇ ಇಲ್ಲ.

ಮೊದಲು ಹಗಲು ಬೆಳಕಲ್ಲಿ ಸರಿಯಾಗಿ ನೋಡಿ. ಮಳೆಗಾಲದ ಹೊಂಡದಲ್ಲಿ ಕಪ್ಪೆ ಮೊಟ್ಟೆ ಗುಂಪಾಗಿರುತ್ತದಲ್ಲ, ಹಾಗೇ ಇರುತ್ತವೆ. ಒಡೆದರೆ ತಿಳಿನೀರು, ಕೆಲವೊಮ್ಮೆ ಹಾಲಿನಂಥ ರಸ. ರಕ್ತ ಸೇರಿದರೆ ಕೆಂಪು. ಸರ್ಪಸುತ್ತು ಸಾಮಾನ್ಯವಾಗಿ ಉರಿದು, ನೋಯಿಸಿ, 2ರಿಂದ 4 ವಾರಕ್ಕೆ ಒಣಗುತ್ತದೆ. ಇವು ತಿಂಗಳುಗಟ್ಟಲೆ ಇರುತ್ತವೆ.

ಸೂಜಿಯಿಂದ ಚುಚ್ಚಬೇಡಿ. ತೋಟದ ಕೆಸರು, ಒದ್ದೆ ಬಟ್ಟೆ ಬೇರೆ. ಸೋಂಕು ಬೇಗ ಹಿಡಿಯುತ್ತದೆ. ಸುತ್ತ ಕೆಂಪಾಗಿ, ಬಿಸಿಯಾಗಿ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಇಲ್ಲದಿದ್ದರೂ ಚರ್ಮದ ಡಾಕ್ಟರಿಗೆ ತೋರಿಸಿ. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆ ಇದೆ. ಹಳೆ ಫೈಲು ಮರೆಯಬೇಡಿ. 'ಅದು ಆಗಿಹೋದ ಕಥೆ' ಅಂತ ಸುಮ್ನೆ ಬಿಟ್ಟರೆ ಡಾಕ್ಟರಿಗೆ ಮುಖ್ಯ ಸುಳಿವೇ ತಪ್ಪುತ್ತದೆ.

ಅವರು ಡರ್ಮೋಸ್ಕೋಪ್ ಎಂಬ ಲೆನ್ಸ್ ಇಟ್ಟು ನೋಡುತ್ತಾರೆ. ಒಂದೊಂದು ಗುಳ್ಳೆಯೂ ಪುಟ್ಟ ಕೋಣೆಯಂತೆ ಕಾಣುತ್ತದೆ. ಕೆಲವದರಲ್ಲಿ ರಕ್ತ ತಳಕ್ಕಿಳಿದು, ಮೇಲೆ ತಿಳಿರಸ ನಿಂತಿರುತ್ತದೆ. ರೋಗ ಪತ್ತೆಗೆ ಇದು ಒಳ್ಳೆ ಗುರುತು. ಖಚಿತ ಆಗಬೇಕೆಂದರೆ ಬಯಾಪ್ಸಿ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೆಲವೇ ಮಿಲಿಮೀಟರ್ ಚರ್ಮ ತೆಗೆಯುತ್ತಾರೆ, ಅಷ್ಟೇ. ಲ್ಯಾಬಿನಲ್ಲಿ ಉಬ್ಬಿದ ನಾಳ ಕಾಣುತ್ತದೆ. ಅದು ಲಿಂಫ್ ನಾಳವೇ ಎಂದು ತಿಳಿಯಲು ಡಿ2-40 ಎಂಬ ಬಣ್ಣದ ಪರೀಕ್ಷೆ ಇದೆ. ಬಯಾಪ್ಸಿಗೆ ಹೆದರಿ ಮುಂದೂಡುವವರೇ ಜಾಸ್ತಿ. ಆದರೆ ಬಾತ ಕೈಯಲ್ಲಿ, ರೇಡಿಯೇಷನ್ ಆದ ಜಾಗದಲ್ಲಿ ಆಂಜಿಯೋಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರೂ ಬರಬಹುದು. ಅದಲ್ಲ ಎಂದು ಗೊತ್ತಾಗುವುದು ಇದರಿಂದಲೇ.

ಆಳ ಎಷ್ಟಿದೆ ಎಂದು ನೋಡಲು ಬೇಕಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಆನೆಕಾಲು ರೋಗದ ಅನುಮಾನವಿದ್ದರೆ ರಾತ್ರಿ 10ರಿಂದ 2ರೊಳಗೆ ರಕ್ತ ಕೊಡಲು ಕರೆಯಬಹುದು. ಆ ಹುಳುವಿನ ಮರಿಗಳು ರಕ್ತಕ್ಕೆ ಬರುವುದು ಆ ಹೊತ್ತಲ್ಲಿ. ಆನೆಕಾಲು ರೋಗ ಕಂಡುಬಂದಿರುವ ಘಟ್ಟದ ಕೆಳಗೆ, ಅಂದರೆ ಕರಾವಳಿಯಲ್ಲಿ, ವರ್ಷಗಟ್ಟಲೆ ಇದ್ದು ಬಂದವರು ಅದನ್ನೂ ಡಾಕ್ಟರಿಗೆ ಹೇಳಿ.